ಹಡಪದ ಗುಡ್ಡ

ಮುತ್ತಗದೂರಿನ ಪಡುವಣಕ್ಕೆ, ಬಿದ್ದ ಕೋಟೆಗೋಡೆಯ ಆಚೆ, ಒಂದು ಬೋಳು ಗುಡ್ಡವಿದೆ. ಕಡಿದಾದ ಮೆಟ್ಟಿಲು, ತುದಿಯಲ್ಲಿ ಮಲ್ಲೇಶ್ವರನ ಚಿಕ್ಕ ಗುಡಿ. ಆದರೂ ಜನ ಇದನ್ನು ಮಲ್ಲೇಶ್ವರನ ಗುಡ್ಡ ಎನ್ನುವುದಿಲ್ಲ, ಹಡಪದ ಗುಡ್ಡ ಎನ್ನುತ್ತಾರೆ. ಹಡಪವೆಂದರೆ ಎಲೆಅಡಿಕೆಯ ಚೀಲ. ಅದನ್ನು ಹೊತ್ತು ದೊರೆಯ ಪಕ್ಕದಲ್ಲಿ ನಿಲ್ಲುವವನೇ ಹಡಪದವನು.

ಹಿಂದೆ ಒಮ್ಮೆ ಇಲ್ಲಿ ಹಾಲಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಬೊಮ್ಮಲಿಂಗನೆಂಬುವನು ಅವನ ಹಡಪದವನು. ಒಂದು ದಿನ ನೆರೆಯ ಪಾಳೆಯಗಾರನಿಂದ ಓಲೆ ಬಂತು. ಹಳೆಯ ಹಗೆ ಮರೆಯೋಣ, ನಿಮ್ಮ ಚಿತ್ರ ಬರೆಸಿ ಕಳುಹಿಸಿದರೆ ನಮ್ಮ ಚಾವಡಿಯಲ್ಲಿ ಇರಿಸುತ್ತೇವೆ, ಮುಖ ಮಾತ್ರ ತದ್ರೂಪವಾಗಿರಲಿ ಎಂದು ಅದರಲ್ಲಿತ್ತು. ನಾಯಕ ಹಿಗ್ಗಿ, ಚಿತ್ರಗಾರ ವೀರಾಚಾರಿಯನ್ನು ಕರೆಸಿದ. ಬೊಮ್ಮಲಿಂಗನಿಗೆ ಮಾತ್ರ ಓಲೆಯ ಕೊನೆಯ ಮಾತು ಸರಿಬರಲಿಲ್ಲ. ಗುರುತು ಹಿಡಿದು ಕೊಲ್ಲಲು ಕೇಳುತ್ತಿದ್ದಾರೆಂದು ಅವನ ಅನುಮಾನ. ಹೇಳಿದರೆ ನಾಯಕ ನಕ್ಕು, "ನೀನು ಎಲೆಗೆ ಸುಣ್ಣ ಹಚ್ಚು" ಎಂದ.

ಬೊಮ್ಮಲಿಂಗ ಚಿತ್ರಗಾರನ ಮನೆಗೆ ಹೋದ. "ಆಚಾರ್ರೇ, ಎರಡು ಚಿತ್ರ ಬರೀರಿ. ಒಂದನ್ನು ದೊರೆಗೆ ತೋರಿಸಿ. ಕಳಿಸೋದರಲ್ಲಿ ಗಾದಿ ಮೇಲೆ ನನ್ನ ಮುಖ ಇರಲಿ."

"ತಿಳಿದರೆ ನನ್ನ ಕೈ ಕಡಿಸ್ತಾರೆ, ಬೊಮ್ಮಲಿಂಗಾ."

"ದೊರೆ ಉಳಿದರೆ ತಾನೇ ಕಡಿಸೋದು?"

ವೀರಾಚಾರಿ ಮೂರು ದಿನ ಕುಂಚ ಮುಟ್ಟಲಿಲ್ಲವಂತೆ. ನಾಲ್ಕನೆಯ ದಿನ ಬರೆಯಲು ಕುಳಿತ. ಚಾಕರರಿಗೆಲ್ಲ ಒಂದೇ ಮುಖ ಬರೆದು ಮುಗಿಸುವುದು ಆಗಿನ ರೂಢಿ. ಹಾಗಾಗಿ ಒಬ್ಬ ಹಡಪದವನ ಮುಖವನ್ನು ಅಷ್ಟು ಹೊತ್ತು ನೋಡಿ ಬರೆದದ್ದು ಅವನಿಗೂ ಅದೇ ಮೊದಲು.

ಸುಗ್ಗಿ ಕಳೆದ ಮೇಲೆ ನಾಯಕ ನಾಲ್ಕಾರು ಜನರೊಂದಿಗೆ ಗುಡ್ಡದ ಪೂಜೆಗೆ ಹೋದ. ಯಾತ್ರಿಕರ ವೇಷದಲ್ಲಿದ್ದ ಇಬ್ಬರು ಅವನ ಪಕ್ಕದಲ್ಲೇ ಹಾದು ಬಂದು ಬೊಮ್ಮಲಿಂಗನ ಎದೆಗೆ ಬಾಕು ಇಳಿಸಿದರು. ಸಿಕ್ಕಿಬಿದ್ದವನ ಸೊಂಟದಲ್ಲಿ ಆ ಚಿತ್ರವಿತ್ತು. ನಾಯಕ ಅದನ್ನು ಬಿಡಿಸಿ ನೋಡುವಷ್ಟರಲ್ಲಿ ಬೊಮ್ಮಲಿಂಗನ ಉಸಿರು ನಿಂತಿತ್ತು.

ವೀರಾಚಾರಿ ತಾನೇ ಬಂದು ಎರಡೂ ಕೈ ಮುಂದೆ ಚಾಚಿದ. "ತಪ್ಪು ನನ್ನದು, ಬುದ್ಧಿ."

"ಅವನು ನನಗೆ ಮೊದಲೇ ಹೇಳಿದ್ದ," ಎಂದ ನಾಯಕ. "ನಾನು ನಕ್ಕೆ." ಆಮೇಲೆ ಅವನು ಎಲೆ ಹಾಕಲಿಲ್ಲ, ಇನ್ನೊಬ್ಬ ಹಡಪದವನನ್ನು ಇಟ್ಟುಕೊಳ್ಳಲೂ ಇಲ್ಲ ಎನ್ನುತ್ತಾರೆ. ಗುಡ್ಡಕ್ಕೆ ಈ ಹೆಸರು ಕೊಟ್ಟವನೂ ಅವನೇ.

ಗುಡಿಯ ಎಡಕ್ಕೆ ನೆಟ್ಟ ಕಲ್ಲನ್ನು ಹೋದವರು ಈಗಲೂ ನೋಡಬಹುದು. ಅದರಲ್ಲಿ ಇಬ್ಬರಿದ್ದಾರೆ. ಗಾದಿಯ ಮೇಲೆ ಕುಳಿತವನ ಹೆಗಲಲ್ಲಿ ಚೀಲ ಇಳಿಬಿದ್ದಿದೆ. ಸೊಂಟದಲ್ಲಿ ಕತ್ತಿಯಿರುವವನು ತಲೆ ತಗ್ಗಿಸಿ ನಿಂತು ಎರಡೂ ಕೈಯಲ್ಲಿ ಅವನಿಗೆ ವೀಳ್ಯ ಕೊಡುತ್ತಿದ್ದಾನೆ.