ಕೆಸರಿನಲ್ಲಿ ಮಲಗಿದ ಕೋಣ

ಕಂಬಳದ ಗದ್ದೆಗೆ ಇಳಿಯುವ ಮುನ್ನ ಬೊಳ್ಳ ಎಂಬ ಎಳೆಯ ಕೋಣದ ಮುಂಗಾಲು ಉಳುಕಿತು. ಯಜಮಾನ ಐತಪ್ಪ ಕಾಲಿನ ಗಂಟಿಗೆ ಮುಲಾಮು ತಿಕ್ಕಿ, ಅದನ್ನು ಹಳೆಯ ಜೊತೆಗಾರ ಕಾಟಿ ಎಂಬ ಕೋಣದ ಪಕ್ಕದಲ್ಲಿ ನೊಗಕ್ಕೆ ಕಟ್ಟಿ ಗದ್ದೆಗೆ ಇಳಿಸಿದ.

"ಕಾಟಿಯಣ್ಣ, ಈಗ ನೋವೇ ಇಲ್ಲ. ಓಡೋಣ" ಎಂದಿತು ಬೊಳ್ಳ.

"ನೀನು ಕಾಲೂರಿದಾಗಲೆಲ್ಲ ನೊಗ ವಾಲುತ್ತಿದೆ" ಎಂದಿತು ಕಾಟಿ. "ಮುಲಾಮು ನೋವಿನ ಬಾಯಿ ಮುಚ್ಚಿಸಿದೆ, ಅಷ್ಟೆ. ಹಚ್ಚಿಕೊಂಡು ಮಲಗಿದರೆ ಅದು ಔಷಧಿ. ಹಚ್ಚಿಕೊಂಡು ಓಡಿದರೆ ಕಾಲೇ ಹೋಗುತ್ತದೆ."

"ಓಡದಿದ್ದರೆ ಜನ ನನ್ನನ್ನು ಹೇಡಿ ಎನ್ನುತ್ತಾರೆ. ನಾನು ಓಡಿಯೇ ಓಡುತ್ತೇನೆ!"

"ಹಾಗಾದರೆ ಒಬ್ಬನೇ ಓಡು" ಎಂದು ಕಾಟಿ ಕೆಸರಿನಲ್ಲಿ ಮಂಡಿಯೂರಿ ಮಲಗಿಬಿಟ್ಟಿತು.

ಐತಪ್ಪ ಹಗ್ಗ ಎಳೆದ, ಬಾರುಕೋಲು ಬೀಸಿದ. ಸುತ್ತ ನಿಂತವರು ಕೇಕೆ ಹಾಕಿ ನಕ್ಕರು. ಏಟು ಬಿದ್ದಷ್ಟೂ ಕಾಟಿ ಕೆಸರಿಗೆ ಇನ್ನಷ್ಟು ಒತ್ತಿಕೊಂಡಿತೇ ಹೊರತು ಏಳಲಿಲ್ಲ. ಕೊನೆಗೆ ಐತಪ್ಪ ಬೈಯುತ್ತ ನೊಗ ಬಿಚ್ಚಿದ. ಅವರ ಸರದಿಯಲ್ಲಿ ಬೇರೆ ಜೋಡಿ ಓಡಿತು.

ಸಂಜೆಗೆ ಮುಲಾಮಿನ ಕಾವು ಇಳಿಯಿತು. ಬೊಳ್ಳನ ಕಾಲು ಬಾಳೆದಿಂಡಿನಂತೆ ಊದಿಕೊಂಡಿತ್ತು, ನೆಲಕ್ಕೆ ಊರಲಾಗಲಿಲ್ಲ. ಅದನ್ನು ಕಂಡ ಐತಪ್ಪ ತಣ್ಣೀರಿನ ಬಟ್ಟೆ ಸುತ್ತಿ ಹೋದ.

"ಅಣ್ಣ, ನನ್ನಿಂದ ನೀನು ಏಟು ತಿಂದೆ" ಎಂದಿತು ಬೊಳ್ಳ.

"ಬೆನ್ನಿನ ಬರೆ ವಾರದಲ್ಲಿ ಮಾಯುತ್ತದೆ" ಎಂದಿತು ಕಾಟಿ. "ನಿನ್ನ ಕಾಲು ಗಟ್ಟಿಯಾಗುವ ಮೊದಲು ನಮ್ಮನ್ನು ನೊಗಕ್ಕೆ ಕಟ್ಟಿದರೆ ಮತ್ತೆ ಮಲಗುತ್ತೇನೆ."