ಸೂಲಗಿತ್ತಿ ಕಳೆದ ಹತ್ತು ದಿನ

ಶಿಷ್ಯ ಕೇಳಿದ: "ಗುರುಗಳೇ, ನೆಮ್ಮದಿ ಬೇಕೆಂದು ಜನ ನಮ್ಮಲ್ಲಿ ಹತ್ತು ದಿನ ಇರಲು ಬರುತ್ತಾರೆ. ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು, ಇಲ್ಲಿ ನಮಗೆ ಏನಾಗುತ್ತದೆ ಎಂದು. ನಾನು ಏನು ಹೇಳಲಿ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿಯಿದ್ದಳು. ಅವಳ ಕೈಗೆ ಬೀಳದೆ ಭೂಮಿಗೆ ಬಂದ ಕೂಸು ಸುತ್ತಲಿನ ಏಳು ಹಳ್ಳಿಗಳಲ್ಲಿ ಅಪರೂಪ. ಅವಳಿಗೆ ಒಬ್ಬಳೇ ಮಗಳು. ಚೊಚ್ಚಲ ಬಸುರಿಯಾಗಿ ಆ ಮಗಳು ತವರಿಗೆ ಬಂದಿದ್ದಳು.

ದಿನ ತುಂಬಲು ಇನ್ನೂ ಎರಡು ವಾರವಿತ್ತು. ಆ ಧೈರ್ಯದ ಮೇಲೆ ಸೂಲಗಿತ್ತಿ ಪಕ್ಕದ ಹಳ್ಳಿಯಿಂದ ಕರೆ ಬಂದಾಗ ಹೋದಳು. ಅಲ್ಲಿ ಕೂಸು ಕಾಲು ಮುಂದಾಗಿ ಬರುತ್ತಿತ್ತು. ಅಷ್ಟರಲ್ಲಿ ನೆರೆಮನೆಯವಳು ಓಡಿ ಬಂದಳು. "ನಿನ್ನ ಮಗಳಿಗೆ ನೋವು ಕಾಣಿಸಿಕೊಂಡಿದೆ. ನಿನ್ನನ್ನೇ ಕರೆಯುತ್ತಿದ್ದಾಳೆ."

ಕೈ ಬಿಟ್ಟರೆ ಇಲ್ಲಿ ಎರಡು ಜೀವ ಹೋಗುತ್ತಿತ್ತು. "ಇದೊಂದು ಮುಗಿಸಿ ಬಂದೆ ಎನ್ನು" ಎಂದು ಹೇಳಿ ಕಳಿಸಿದಳು.

ಅಲ್ಲಿಯ ತಾಯಿ, ಮಗು ಇಬ್ಬರೂ ಉಳಿದರು. ಅವಳು ತನ್ನ ಮನೆ ತಲುಪಿದಾಗ ಒಂದು ಹೆಣ್ಣು ಕೂಸು ಅಳುತ್ತಿತ್ತು. ಮಗಳ ಮೈ ಆಗಲೇ ತಣ್ಣಗಾಗಿತ್ತು.

ಸೂತಕ ಕಳೆದ ಮರುದಿನವೇ ಅವಳು ಇನ್ನೊಂದು ಹೆರಿಗೆಗೆ ಹೋದಳು. ಎಂಥ ಗಟ್ಟಿ ಹೆಂಗಸು ಎಂದು ಊರು ಮಾತಾಡಿಕೊಂಡಿತು. ಕೂಸನ್ನು ಅಳಿಯನ ತಾಯಿ ಎತ್ತಿಕೊಂಡು ಹೋದಳು. ಸೂಲಗಿತ್ತಿ ಅದನ್ನು ಒಮ್ಮೆಯೂ ನೋಡಲು ಹೋಗಲಿಲ್ಲ. ಹೋಗಲು ಬಿಡುವಿಲ್ಲ ಎನ್ನುತ್ತಿದ್ದಳು.

ಮೂರು ವರ್ಷ ಹೀಗೇ ಕಳೆಯಿತು. ಆಮೇಲೆ ಅವಳ ಕೈ ನಡುಗತೊಡಗಿತು. ಒಂದು ಮನೆಯಲ್ಲಿ ಆಗತಾನೇ ಹುಟ್ಟಿದ ಕೂಸು ಅವಳ ಕೈಯಿಂದ ಜಾರಿತು. ಪಕ್ಕದಲ್ಲಿದ್ದವರು ಹಿಡಿದುಕೊಂಡದ್ದಕ್ಕೆ ಬದುಕಿತು. ಊರವರು ಸೇರಿ ಅವಳನ್ನು ಗುಡ್ಡದ ಮೇಲಿನ ಒಂದು ವಿಶ್ರಾಂತಿಧಾಮಕ್ಕೆ ಕಳಿಸಿದರು.

ಅದನ್ನು ನಡೆಸುತ್ತಿದ್ದವಳು ಒಬ್ಬ ಮುದುಕಿ. "ಇಲ್ಲಿ ಏನು ಮದ್ದು ಕೊಡುತ್ತೀರಿ?" ಎಂದು ಸೂಲಗಿತ್ತಿ ಕೇಳಿದಳು.

"ಹತ್ತು ದಿನ ಎರಡು ಹೊತ್ತು ಊಟ, ಮಲಗಲು ಚಾಪೆ. ಕೆಲಸ ಮಾತ್ರ ಮಾಡುವ ಹಾಗಿಲ್ಲ."

ಮರುದಿನ ಬೆಳಗ್ಗೆ ಸೂಲಗಿತ್ತಿ ಅಂಗಳ ಗುಡಿಸಲು ಹೋದಳು. ಮುದುಕಿ ಪೊರಕೆ ಕಸಿದುಕೊಂಡಳು. ಇವಳು ಅಡುಗೆಮನೆಗೆ ಹೋಗಿ ಬೇಳೆ ಹಸನು ಮಾಡಲು ಕೂತಳು. ಮೊರವೂ ಹೋಯಿತು. ಅಲ್ಲಿಗೆ ಬಂದಿದ್ದ ಇನ್ನೊಬ್ಬಳ ಕಾಲು ಒತ್ತಲು ಕೂತಾಗ ಮುದುಕಿ ಅಲ್ಲಿಂದಲೂ ಎಬ್ಬಿಸಿದಳು. ನಾಲ್ಕನೆಯ ದಿನ ಮಾಡಲು ಏನೂ ಉಳಿಯಲಿಲ್ಲ. ಅವಳು ಜಗಲಿಯ ಮೇಲೆ ಸುಮ್ಮನೆ ಕೂತಳು.

ಮಧ್ಯಾಹ್ನದ ಹೊತ್ತಿಗೆ ಅಳು ಬಂತು. ಮೂರು ವರ್ಷ ತಡೆದದ್ದು ಒಮ್ಮೆಲೇ ಬಂತು. ಮಾರನೆಯ ದಿನವೂ ನಿಲ್ಲಲಿಲ್ಲ. ಶಾಂತಿಗೆಂದು ಬಂದಿದ್ದ ಒಬ್ಬ ವ್ಯಾಪಾರಿ, ಈ ಗೋಳು ಕೇಳಲಾರೆ ಎಂದು ಗಂಟುಕಟ್ಟಿಕೊಂಡು ಇಳಿದು ಹೋದ.

ಎಂಟನೆಯ ದಿನ ಸೂಲಗಿತ್ತಿಯೂ ತನ್ನ ಗಂಟು ಕಟ್ಟಿದಳು. "ಊರಲ್ಲಿ ನಾನು ಚೆನ್ನಾಗಿಯೇ ಇದ್ದೆ ಅವ್ವಾ. ಕೈ ನಡುಗುತ್ತಿತ್ತು, ಅಷ್ಟೆ. ಇಲ್ಲಿಗೆ ಬಂದು ರೋಗಿಯಾದೆ."

ಮುದುಕಿ ತಡೆಯಲಿಲ್ಲ. "ಅಳುವಾಗ ಮಗಳೇ, ಮಗಳೇ ಎನ್ನುತ್ತೀಯಲ್ಲ, ಅವಳಿಗೊಂದು ಹೆಸರಿಲ್ಲವೆ?" ಎಂದಳು.

ಸೂಲಗಿತ್ತಿ ಗಂಟು ಕೆಳಗಿಟ್ಟಳು.

"ಪಾರವ್ವ. ಅವಳು ಕರೆದಳು. ನಾನು ಹೋಗಲಿಲ್ಲ."

ನಿನ್ನ ತಪ್ಪಿಲ್ಲ ಎಂದು ಮುದುಕಿ ಹೇಳಲಿಲ್ಲ. ಪಕ್ಕದಲ್ಲಿ ಕೂತಳು, ಅಷ್ಟೆ.

ಹತ್ತು ದಿನ ಮುಗಿಯಿತು. ಕೈಯ ನಡುಕ ಹೋಗಿರಲಿಲ್ಲ. ಗುಡ್ಡ ಇಳಿದವಳು ತನ್ನ ಊರಿನ ದಾರಿ ಹಿಡಿಯದೆ ಅಳಿಯನ ಊರಿಗೆ ನಡೆದಳು. ಅಂಗಳದಲ್ಲಿ ಮೂರು ವರ್ಷದ ಹುಡುಗಿ ಆಡುತ್ತಿತ್ತು. ಇವಳನ್ನು ಕಂಡು ಹೆದರಿ, ಓಡಿಹೋಗಿ ತನ್ನಜ್ಜಿಯ ಸೆರಗಿನ ಹಿಂದೆ ಅಡಗಿತು.

"ಈಗ ನೆನಪಾಯಿತೇ?" ಎಂದಳು ಆ ಅಜ್ಜಿ.

ಸೂಲಗಿತ್ತಿ ಹೊತ್ತು ಇಳಿಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದಳು. ಮಗು ಹತ್ತಿರ ಬರಲಿಲ್ಲ. ಮುಂದಿನ ವಾರ ಮತ್ತೆ ಹೋದಳು. ಆಗಲೂ ಬರಲಿಲ್ಲ. ಅದರ ಮುಂದಿನ ವಾರವೂ ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಇದನ್ನು ಹೇಳಿದರೆ ಇಲ್ಲಿಗೆ ಯಾರು ತಾನೆ ಬರುತ್ತಾರೆ, ಗುರುಗಳೇ?" ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿ ಹೇಳಿದರು: "ನೀನು ಬಂದು ಹನ್ನೊಂದು ವರ್ಷವಾಯಿತು ಮಗೂ, ಯಾರನ್ನು ಕಳೆದುಕೊಂಡು ಬಂದೆ ಎಂದು ಇವತ್ತಿನವರೆಗೂ ನನಗೆ ಹೇಳಿಲ್ಲ."