ಸಾಯದ ಅಂಬಿಗನ ಕೂಗು

"ಉಸ್ತಾದರೇ, ಆಸ್ಪತ್ರೆಗೆ ಎರಡು ರೌಟರ್ ಹಾಕಿದ್ದೇನೆ. ಮೊದಲನೆಯದು ಕ್ಷಣಕ್ಕೊಮ್ಮೆ 'ನಾನಿದ್ದೇನೆ' ಎಂದು ಎರಡನೆಯದಕ್ಕೆ ಹೇಳುತ್ತಿರುತ್ತದೆ. ಅದು ಸುಮ್ಮನಾದರೆ ಎರಡನೆಯದು ತಾನಾಗಿ ಕೆಲಸ ಹಿಡಿಯುತ್ತದೆ. ಮೂರು ಸಲ ಪರೀಕ್ಷೆ ಮಾಡಿದೆ. ಆದರೂ ಮನಸ್ಸಿಗೆ ಯಾಕೆ ಸಮಾಧಾನವಿಲ್ಲ?"

ಕೇಳಿದವಳು ನಾಗವೇಣಿ. ಚಹಾದಂಗಡಿಯ ಬೆಂಚಿನ ತುದಿಯಲ್ಲಿ ಕೂತು ಮೊಬೈಲನ್ನು ಬೋರಲು ಇಡುವಳು, ಮತ್ತೆ ಎತ್ತಿ ನೋಡುವಳು. ನಾಳೆಯಿಂದ ತುರ್ತು ರೋಗಿಗಳ ಸ್ಕ್ಯಾನ್‌ಗಳು ಆ ರೌಟರ್‌ಗಳ ಮೂಲಕವೇ ದೊಡ್ಡ ಊರಿನ ವೈದ್ಯರಿಗೆ ಹೋಗಬೇಕಿತ್ತು.

ಅವಳಿಗೆ ಕೆಲಸ ಕಲಿಸಿದ ದಸ್ತಗೀರ್ ಉಸ್ತಾದರು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡರು. "ಈ ಸೀಮೆಗೆ ಮೊದಲ ರೌಟರ್ ತಂದವನು ನಾನೇ. ಸುಳ್ಳು. ತಂದವನಿಗೆ ಏಣಿ ಹಿಡಿದಿದ್ದೆ, ಅದೂ ಅರ್ಧ ದಿನ. ಇದನ್ನು ಕೇಳು.

"ಒಂದು ಹೊಳೆ, ಇಬ್ಬರು ಅಂಬಿಗರು. ಜನರನ್ನು ದಾಟಿಸುವ ಕೆಲಸ ಹಿರಿಯನದು. ಕಿರಿಯನು ಹೊಳೆಯ ತಿರುವಿನಾಚೆ ತನ್ನ ಹರಿಗೋಲಿನ ನೆರಳಲ್ಲಿ ಕೂತಿರುವನು. ಅಲ್ಲಿಗೆ ದಡ ಕಾಣದು, ಕೂಗು ಮಾತ್ರ ಕೇಳುತ್ತದೆ. ಹಿರಿಯನು ಆಗಾಗ 'ಹೋ' ಎನ್ನಬೇಕು. ಸತತ ಮೂರು ಕೂಗು ತಪ್ಪಿದರೆ ಕಿರಿಯನು ಹರಿಗೋಲು ನೀರಿಗಿಳಿಸಿ ಬರಬೇಕು. ಅದು ಅವರ ಕಟ್ಟಳೆ.

"ಒಂದು ದಿನ ಹಿರಿಯನ ಹರಿಗೋಲು ಬಂಡೆಗೆ ತಾಗಿ ತೂತಾಯಿತು. ಅವನು ಈಜಿ ದಡ ಸೇರಿದ. ಸೇರಿದವನೇ, ಕೂಗುವ ಹೊತ್ತಾಯಿತೆಂದು 'ಹೋ' ಎಂದ. ಕಿರಿಯನು ಅದನ್ನು ಕೇಳಿಸಿಕೊಂಡು ಎಲೆಗೆ ಸುಣ್ಣ ಹಚ್ಚತೊಡಗಿದ.

"ಅಷ್ಟರಲ್ಲಿ ಸೂಲಗಿತ್ತಿ ಓಡಿಬಂದಳು. ಆಚೆ ದಡದಲ್ಲಿ ಒಬ್ಬಳಿಗೆ ಹೆರಿಗೆ ನೋವು. ಸೂಲಗಿತ್ತಿ ತಾನೂ ಕೂಗಿದಳು. ಕಟ್ಟಳೆಯಲ್ಲಿ ಅವಳ ದನಿ ಇರಲಿಲ್ಲ, ಕಿರಿಯನು ಕದಲಲಿಲ್ಲ.

"'ಇನ್ನೊಬ್ಬ ಯಾವಾಗ ಬರ್ತಾನಪ್ಪ?' ಎಂದಳು.

"'ನಾನು ಸತ್ತರೆ ಬರ್ತಾನೆ ತಾಯಿ.'

"'ದಾಟಿಸೋಕೆ ಆಗಲ್ಲ, ಮತ್ತೆ ಯಾಕೆ ಕೂಗ್ತೀಯ?'

"'ಸತ್ತಿಲ್ಲವಲ್ಲ' ಎಂದು ಅವನು ಮತ್ತೆ ಕೂಗಿದ.

"ಸೂಲಗಿತ್ತಿ ಸೆರಗನ್ನು ಮುದ್ದೆ ಮಾಡಿ ಅವನ ಬಾಯಿಗೆ ಒತ್ತಿ ಹಿಡಿದಳು. ಮೂರು ಕೂಗು ತಪ್ಪಿತು. ತಿರುವಿನಿಂದ ಹರಿಗೋಲು ಬಂತು."

"ಮಗು?" ಎಂದಳು ನಾಗವೇಣಿ.

"ಹುಟ್ಟಿತು. ಸೂಲಗಿತ್ತಿ ತಲುಪುವ ಮೊದಲೋ ಆಮೇಲೋ, ನಾನು ಸಲಕ್ಕೊಂದು ಥರ ಹೇಳುತ್ತೇನೆ. ನೀನು ಪರೀಕ್ಷೆ ಹೇಗೆ ಮಾಡಿದೆ?"

"ಮೊದಲನೆಯ ರೌಟರ್‌ನ ಕರೆಂಟ್ ತೆಗೆದೆ. ಮೂರು ಸಲವೂ ಹಾಗೇ."

"ಮೂರು ಸಲ ಅಂಬಿಗನನ್ನು ಕೊಂದೆ. ಹರಿಗೋಲಿಗೆ ಒಂದು ಸಲವೂ ತೂತು ಮಾಡಲಿಲ್ಲ. ಕರೆಂಟ್ ಇದ್ದ ಹಾಗೇ, ಆ ರೌಟರ್‌ನಿಂದ ಊರಾಚೆಗೆ ಹೋಗುವ ಲೈನ್ ಕಿತ್ತು ನೋಡಿದೆಯಾ?"

ನಾಗವೇಣಿ ಮೊಬೈಲನ್ನು ಚೀಲಕ್ಕೆ ಹಾಕಿದಳು. ಆಸ್ಪತ್ರೆಗೆ ಹೋಗಲು ಎದ್ದು ಅದನ್ನು ಹೆಗಲಿಗೇರಿಸಿದಳು.

"ಇಷ್ಟು ಹೊತ್ತು ಮಾತಾಡಿದೆನೆಂದು ನನ್ನ ಜೇಬಿನಲ್ಲಿ ದುಡ್ಡೂ ಇದೆ ಅಂದುಕೊಳ್ಳಬೇಡ," ಎಂದರು ಉಸ್ತಾದರು, "ಚಹಾದ್ದು ಕೊಟ್ಟು ಹೋಗು."